ಬಾವಿ ನೀರು ಸವಳು, ಕೆರೆ ನೀರು ಸಿಹಿ: ಎರಡೂ ಮಳೆ ನೀರೇ ಅಲ್ವಾ?

ಓದುಗರ ಪ್ರಶ್ನೆ: “ನಮ್ಮದು ನವಲಗುಂದದ ಹತ್ತಿರ ಒಂದು ಹಳ್ಳಿರೀ. ಬಾವಿ ನೀರು ಬಾಯಾಗ ಇಡಾಕ ಆಗೂದಿಲ್ಲ, ಅಷ್ಟು ಸವಳು. ಅಲ್ಲೇ ಬಾಜೂಕ ಇರೋ ಕೆರಿ ನೀರು ಸಿಹಿ. ಎರಡೂ ಮಳಿ ನೀರ ಅಲ್ಲೇನ್ರೀ? ಮತ್ಯಾಕ ಹಿಂಗ?”

ಎರಡೂ ಮಳೆ ನೀರೇ. ಆದರೆ ಕೆರೆಯದ್ದು ಮೊನ್ನೆ ಮೊನ್ನೆ ಬಿದ್ದದ್ದು. ಬಾವಿಯದ್ದು ಮಣ್ಣು, ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ಕೂತು ಬಂದದ್ದು.

ನೀವೇ ನೋಡಬೇಕಂದರೆ ಎರಡು ಸ್ಟೀಲ್ ತಾಟು ತಗೊಳ್ಳಿ. ಒಂದಕ್ಕೆ ನಾಲ್ಕು ಚಮಚ ಬಾವಿ ನೀರು, ಇನ್ನೊಂದಕ್ಕೆ ನಾಲ್ಕು ಚಮಚ ಕೆರೆ ನೀರು ಹಾಕಿ ಬಿಸಿಲಿಗಿಡಿ. ಸಂಜೆ ಹೊತ್ತಿಗೆ ಎರಡೂ ಆರಿರುತ್ತವೆ. ಕೆರೆ ನೀರಿನ ತಾಟಿನಲ್ಲಿ ಮಣ್ಣಿನ ತೆಳು ಕಲೆ ಕಾಣುತ್ತದೆ. ಬಾವಿ ನೀರಿನದ್ದರಲ್ಲಿ ಉಗುರಿನಿಂದ ಕೆರೆದರೆ ಏಳುವ ಬಿಳಿ ಪುಡಿ. ಬಿಸಿಲು ನೀರನ್ನಷ್ಟೇ ಒಯ್ಯುತ್ತದೆ, ಉಪ್ಪನ್ನು ಅಲ್ಲೇ ಬಿಟ್ಟು ಹೋಗುತ್ತದೆ. ತಾಟಿನಲ್ಲಿ ಒಂದು ಮಧ್ಯಾಹ್ನ ಆದದ್ದು ನಿಮ್ಮ ಹೊಲದಲ್ಲಿ ಸಾವಿರಾರು ವರ್ಷಗಳಿಂದ ಆಗುತ್ತಲೇ ಇದೆ.

ಆ ಉಪ್ಪು ಬಂದದ್ದು ಕಲ್ಲಿನಿಂದ. ಮಳೆ ಹನಿ ಬೀಳುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಒಂದಿಷ್ಟು ಹೀರಿಕೊಂಡು ಸೋಡಾ ನೀರಿನ ಹಾಗೆ ಸ್ವಲ್ಪ ಹುಳಿಯಾಗುತ್ತದೆ. ಬಹಳ ತೆಳುವಾದ ಹುಳಿ. ಆದರೂ ಕಲ್ಲನ್ನು ನಿಧಾನಕ್ಕೆ ಕರಗಿಸಲು ಅಷ್ಟು ಸಾಕು. ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ಎಲ್ಲ ನೀರಿಗೆ ಇಳಿಯುತ್ತವೆ. ಮಲೆನಾಡಿನಲ್ಲೂ ಇದೇ ನಡೆಯುತ್ತದೆ, ಆದರೆ ಅಲ್ಲಿ ಧೋ ಧೋ ಸುರಿಯುವ ಮಳೆ ಅದನ್ನೆಲ್ಲ ತೊಳೆದು ಹೊಳೆಗೆ ಕಳಿಸಿಬಿಡುತ್ತದೆ. ನವಲಗುಂದ, ನರಗುಂದ, ರೋಣದ ಕಡೆ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ತೊಳೆಯಲು ಸಾಲದು, ಕರಗಿಸಲು ಸಾಕು.

ಇನ್ನು ನಿಮ್ಮ ಎರೆ ಮಣ್ಣಿನ ವಿಷಯ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದಲ್ಲ, ಮೊದಲ ಮಳೆ ಆ ಬಿರುಕಿನಲ್ಲಿ ಸರ್ರನೆ ಇಳಿಯುತ್ತದೆ. ಆಮೇಲೆ ಮಣ್ಣು ನೀರು ಕುಡಿದು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ನೀರು ಕೆಳಗೆ ಇಳಿಯುವುದು ಗಂಟೆಗೆ ಕೆಲವೇ ಮಿಲಿಮೀಟರ್, ಎಷ್ಟೋ ಕಡೆ ಅದೂ ಇಲ್ಲ. ಈ ಜಿಪುಣತನದಿಂದಲೇ ಹಿಂಗಾರಿ ಜೋಳ, ಕಡಲೆ ಮಳೆಯಿಲ್ಲದೆಯೂ ಬೆಳೆಯುವುದು. ಆದರೆ ಬೇರು ನೀರನ್ನು ಕುಡಿದು ಉಪ್ಪನ್ನು ಹೆಚ್ಚೂಕಮ್ಮಿ ಅಲ್ಲೇ ಬಿಡುತ್ತದೆ. ಮುಂದಿನ ವರ್ಷದ ಮಳೆ ಆ ಉಪ್ಪನ್ನು ಇನ್ನೊಂದು ಗೇಣು ಕೆಳಗೆ ತಳ್ಳುತ್ತದೆ. ತಳ್ಳುತ್ತಾ ತಳ್ಳುತ್ತಾ ಅದು ಬಾವಿಗೆ ಬರುತ್ತದೆ. “ಹಿಂದೆ ಇಲ್ಲಿ ಸಮುದ್ರ ಇತ್ತಂತ, ಅದಕ್ಕ ಸವಳು” ಅಂತ ಹಿರಿಯರು ಹೇಳುವುದುಂಟು. ಇಷ್ಟು ಉಪ್ಪಿಗೆ ಸಮುದ್ರವೇ ಬೇಕಾಗಿಲ್ಲ.

ಅದೇ ಎರೆ ಮಣ್ಣು ಕೆರೆಯ ತಳದಲ್ಲಿದ್ದರೆ ಉಪಕಾರ ಮಾಡುತ್ತದೆ. ನೀರು ಸೋರದ ಹಾಗೆ ಹಿಡಿದಿಡುತ್ತದೆ. ಕೆರೆಗೆ ಬರುವುದು ಹೊಲದ ಮೇಲೆ ಓಡಿ ಬಂದ ನೀರು. ಉಪ್ಪು ಕರಗಿಸಿಕೊಳ್ಳಲು ಅದಕ್ಕೆ ಪುರುಸೊತ್ತೇ ಇರುವುದಿಲ್ಲ. ಈಗಂತೂ ಎಷ್ಟೋ ಕೆರೆಗಳನ್ನು ಮಲಪ್ರಭೆ ಕಾಲುವೆಯಿಂದ ತುಂಬಿಸುತ್ತಾರೆ. ಅದು ಕಣಕುಂಬಿ ಕಡೆಯ ಘಟ್ಟದ ಮಳೆ ನೀರು, ಮೊದಲೇ ಸಿಹಿ.

ಕೆರೆ ನೀರೂ ಬಿಸಿಲಿಗೆ ಆರುತ್ತದಲ್ಲ, ಅದ್ಯಾಕೆ ಸವಳಾಗಲ್ಲ? ಕೋಡಿ ಇರುವುದರಿಂದ. ಕೆರೆ ತುಂಬಿ ಹರಿದಾಗ ಹಳೆ ಉಪ್ಪೂ ನೀರಿನ ಜೊತೆ ಹೊರಗೆ ಹೋಗುತ್ತದೆ. ಕೋಡಿಯೇ ಇಲ್ಲದ ಕೆರೆ ನೋಡಬೇಕಂದರೆ ಇಸ್ರೇಲ್ ಮತ್ತು ಜೋರ್ಡಾನ್ ನಡುವಿನ ಮೃತ ಸಮುದ್ರ ಇದೆ. ಜೋರ್ಡಾನ್ ನದಿ ಒಳಗೆ ಬರುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಅಲ್ಲಿನ ನೀರು ಸಮುದ್ರಕ್ಕಿಂತ ಸುಮಾರು 10 ಪಟ್ಟು ಉಪ್ಪು.

ಎಷ್ಟು ಉಪ್ಪು ಅಂತ ಕೊಡದ ಲೆಕ್ಕದಲ್ಲೇ ಹೇಳುತ್ತೇನೆ. ಬೇರೆ ದಾರಿಯೇ ಇಲ್ಲದಿದ್ದರೆ ಲೀಟರಿಗೆ 2000 ಮಿಲಿಗ್ರಾಂವರೆಗೆ ಕರಗಿದ ಲವಣ ಇರುವ ನೀರನ್ನು ಕುಡಿಯಬಹುದು ಎನ್ನುತ್ತದೆ ಭಾರತೀಯ ಮಾನಕ. 15 ಲೀಟರಿನ ಒಂದು ಕೊಡಕ್ಕೆ ಅದು 30 ಗ್ರಾಂ. ಒಂದು ಕೊಡ ಸಮುದ್ರದ ನೀರಿನಲ್ಲಿ ಅರ್ಧ ಕಿಲೋಗಿಂತ ಜಾಸ್ತಿ. ನಾಲಿಗೆಗಿಂತ ಮೊದಲು ಒಲೆಗೇ ಇದು ಗೊತ್ತಾಗುತ್ತದೆ. ಬಾವಿ ನೀರಲ್ಲಿ ತೊಗರಿ ಬೇಳೆ ಇಟ್ಟರೆ ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಬೇಳೆಯ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್‌ಗೆ ನೀರಿನ ಕ್ಯಾಲ್ಸಿಯಂ ಇನ್ನಷ್ಟು ಬಿಗಿ ಕೊಡುತ್ತದೆ.

ಇದು ನಿಮ್ಮೂರಿನ ಹಣೆಬರಹ ಮಾತ್ರ ಅಂದುಕೊಳ್ಳಬೇಡಿ. ಭೂಮಿಯ ನೀರಲ್ಲಿ 97 ಭಾಗ ಸಮುದ್ರದಲ್ಲಿದೆ ಅಂತ ಶಾಲೆಯಲ್ಲೇ ಓದಿದ್ದೇವೆ. ಪುಸ್ತಕದಲ್ಲಿ ಅಷ್ಟಾಗಿ ಬಾರದ ಮಾತೊಂದಿದೆ: ಜಗತ್ತಿನ ಅಂತರ್ಜಲದಲ್ಲೂ ಅರ್ಧಕ್ಕಿಂತ ಹೆಚ್ಚು ಉಪ್ಪು ನೀರೇ.

ಹಾಗಂತ ಸಿಹಿ ಇದ್ದದ್ದೆಲ್ಲ ಒಳ್ಳೆಯದು ಅಂತಲ್ಲ. ಕೆರೆ ನೀರು ಸಿಹಿಯಾದರೂ ರೋಗಾಣು ಇರುತ್ತವೆ, ಸೋಸಿ ಕುದಿಸಲೇಬೇಕು. ಮುಂಡರಗಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟ. ಅದಕ್ಕೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಹಲ್ಲು ಕೆಡುತ್ತದೆ, ಇನ್ನೂ ಹೆಚ್ಚಾದರೆ ಮೂಳೆಗೂ ತೊಂದರೆ. ಕುದಿಸಿದರೆ ಹೋಗುವುದಿಲ್ಲ, ನೀರು ಬತ್ತಿ ಇನ್ನೂ ದಟ್ಟವಾಗುತ್ತದೆ. ಅದನ್ನು ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

“ಬೋರ್ ಇನ್ನಷ್ಟು ಆಳ ಹೊಡೆಸಿದರ ಸಿಹಿ ನೀರು ಹತ್ತತೈತೇನ್ರೀ?” ಅಂತಲೂ ಕೇಳಿದ್ದೀರಿ. ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ಸಿಗುವುದು ಇನ್ನೂ ಹಳೆಯ ನೀರು, ಕಲ್ಲಿನ ಜೊತೆ ಇನ್ನೂ ಹೆಚ್ಚು ಕಾಲ ಇದ್ದದ್ದು. ಆ ದುಡ್ಡನ್ನು ನಾನಾದರೆ ಮನೆಯ ಮೇಲಿನ ಮಳೆಗೆ ಹಾಕುತ್ತಿದ್ದೆ. 1000 ಚದರ ಅಡಿ ಮಾಳಿಗೆ ಮೇಲೆ 600 ಮಿಲಿಮೀಟರ್ ಮಳೆ ಅಂದರೆ ಸುಮಾರು 55 ಸಾವಿರ ಲೀಟರ್. ಸೋರಿದ್ದು, ಆರಿದ್ದು ಬಿಟ್ಟರೂ 40 ಸಾವಿರ ಕೈಗೆ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಹಿಡಿದರೂ ವರ್ಷಕ್ಕೆ ಬೇಕಾಗುವುದು ಸುಮಾರು 9 ಸಾವಿರ. ಸ್ಲ್ಯಾಬ್ ಅಥವಾ ತಗಡು ಇದ್ದರೆ ಸರಿ, ಮೊದಲೆರಡು ಮಳೆ ಹೊರಗೆ ಬಿಟ್ಟು ಆಮೇಲೆ ತೊಟ್ಟಿಗೆ ತಿರುಗಿಸಿ. ನಿಮ್ಮದು ಹಳೆ ಮಣ್ಣಿನ ಮಾಳಿಗೆಯಾದರೆ ಮೇಲೆ ಒಂದು ತಾಡಪತ್ರಿ ಹಾಸಿಕೊಳ್ಳಿ, ಇಲ್ಲಾಂದರೆ ತೊಟ್ಟಿಗೆ ಬರುವುದು ಚಹಾದ ಬಣ್ಣದ ನೀರು.