ಟೆಫ್ಲಾನ್ ಟೇಪ್ ಎಷ್ಟು ಸುತ್ತು ಸುತ್ತಬೇಕು?

ಪ್ರಶ್ನೆ: "ಸರ್, ಟ್ರೈಲರ್ ಎತ್ತುವ ಜಾಕಿಗೆ ಹೋಗುವ ಹೈಡ್ರಾಲಿಕ್ ಪೈಪಿನ ಜಾಯಿಂಟಿನಲ್ಲಿ ಆಯಿಲ್ ಒಸರುತ್ತಿದೆ. ಟೆಫ್ಲಾನ್ ಟೇಪ್ ಸುತ್ತಿ ಚೆನ್ನಾಗಿ ಬಿಗಿ ಮಾಡಿದೆ. ಎರಡು ದಿನ ಸರಿ ಇತ್ತು, ಈಗ ಮತ್ತೆ ಶುರುವಾಗಿದೆ. ಟೇಪ್ ಎಷ್ಟು ಸುತ್ತು ಸುತ್ತಬೇಕು?"

ಉತ್ತರ: ಒಂದು ಸುತ್ತೂ ಬೇಡ.

ಯುಗಾದಿ ಕಳೆದು ಹೊಲಕ್ಕೆ ಗೊಬ್ಬರ ಹೊಡೆಯುವ ಕಾಲ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೆಲವರು ಮೂರು ಸುತ್ತು ಸಾಕಾ ಎಂದು ಕೇಳುತ್ತಾರೆ, ಕೆಲವರು ಹತ್ತು ಸುತ್ತಿಯೇ ಬಂದಿರುತ್ತಾರೆ. ಹೋದ ವರ್ಷವೂ ಹೇಳಿದ್ದೆ, ಅದರ ಹಿಂದಿನ ವರ್ಷವೂ ಹೇಳಿದ್ದೆ. ಸುಮ್ನೆ "ಬೇಡ" ಅಂದರೆ ಯಾರೂ ಕೇಳುವುದಿಲ್ಲ, ಕಾರಣ ಗೊತ್ತಾಗಬೇಕು. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ.

ಮೊದಲು ಒಂದು ಕೆಲಸ ಮಾಡಿ. ಟ್ರೈಲರ್ ಕೆಳಗಿಳಿಸಿ, ಇಂಜಿನ್ ಆಫ್ ಮಾಡಿ, ಲಿವರ್ ಎರಡು ಕಡೆಗೂ ಆಡಿಸಿ ಒಳಗಿನ ಪ್ರೆಶರ್ ಬಿಡಿ. ಆಮೇಲೆ ಜಾಯಿಂಟ್ ಬಿಚ್ಚಿ. ನಟ್ಟು ಕೂರುವ, ಹೊರಗೆ ಥ್ರೆಡ್ ಇರುವ ತುಂಡೇ ನಿಪ್ಪಲ್. ಅದರ ಬಾಯಿ ಒರೆಸಿ, ಟಾರ್ಚ್ ಬಿಟ್ಟು ಒಳಗೆ ನೋಡಿ. ಅಂಚಿನಿಂದ ಒಳಕ್ಕೆ ಆಲಿಕೆಯಂಥ ಒಂದು ಇಳಿಜಾರು ಕಾಣುತ್ತದೆ. ಈಗ ಪೈಪಿನ ತುದಿ ನೋಡಿ. ನಟ್ಟಿನ ಒಳಗೆ ಆ ಆಲಿಕೆಯಲ್ಲಿ ಸರಿಯಾಗಿ ಕೂರುವಂಥ ಉಬ್ಬಿದ ಮೂತಿ ಇದೆ. ಈ ಮೂತಿ ಆ ಇಳಿಜಾರಿಗೆ ಒತ್ತಿ ಕೂರುತ್ತದಲ್ಲ, ಆಯಿಲ್ ನಿಲ್ಲುವುದು ಅಲ್ಲಿ. ಕಬ್ಬಿಣಕ್ಕೆ ಕಬ್ಬಿಣ ಒತ್ತಿಕೊಂಡ ಆ ಸಣ್ಣ ಉಂಗುರದಷ್ಟು ಜಾಗದಲ್ಲಿ.

ಹಾಗಾದರೆ ಥ್ರೆಡ್ ಕೆಲಸ ಏನು? ಎಳೆದು ಹಿಡಿದುಕೊಳ್ಳುವುದು, ಅಷ್ಟೇ. ಮನೆ ಬಾಗಿಲು ನೆನಪು ಮಾಡಿಕೊಳ್ಳಿ. ಗಾಳಿ ತಡೆಯುವುದು ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂತಾಗ. ಚಿಲಕ ಅದನ್ನು ಹಾಗೇ ಹಿಡಿದಿಡುತ್ತದೆ. ಬಾಗಿಲು ಸೊಟ್ಟ ಆಗಿ ಸಂದಿಯಲ್ಲಿ ಗಾಳಿ ಬರುತ್ತಿದ್ದರೆ ಚಿಲಕಕ್ಕೆ ಬಟ್ಟೆ ಸುತ್ತುತ್ತೀರಾ? ಥ್ರೆಡ್ಡಿಗೆ ಟೇಪ್ ಸುತ್ತುವುದೂ ಅದೇ.

ಈ ನಂಬಿಕೆ ಎಲ್ಲಿಂದ ಬಂತು ಅನ್ನುವುದೂ ಗೊತ್ತು. ಮನೆಯ ನಲ್ಲಿಯಿಂದ. ನೀರಿನ ಪೈಪಿನ ಥ್ರೆಡ್ ತುದಿಗೆ ಹೋಗುತ್ತಾ ಸಣ್ಣಗಾಗುತ್ತದೆ, 16 ಮಿಲಿಮೀಟರ್ ಉದ್ದಕ್ಕೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ. ಅದು ಬೆಣೆಯ ಹಾಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ನೀರು ತಡೆಯುವುದು ಥ್ರೆಡ್ಡೇ. ಥ್ರೆಡ್ಡಿನ ಸಂದಿ ಮುಚ್ಚಲು ಹಿಂದಿನವರು ಸಣಬಿನ ನಾರು ಸುತ್ತಿ ಬಣ್ಣ ಬಳಿಯುತ್ತಿದ್ದರು, ಈಗ ಟೇಪ್ ಸುತ್ತುತ್ತಾರೆ. ಅಲ್ಲಿ ಅದು ಸರಿಯಾದ ಕೆಲಸ. ಆದರೆ ನಿಮ್ಮ ಜಾಕಿ ಪೈಪಿನ ನಟ್ಟಿನ ಥ್ರೆಡ್ ಮೇಲಿಂದ ಕೆಳಗೆ ಒಂದೇ ದಪ್ಪ. ನಲ್ಲಿಯ ಬುದ್ಧಿ ಇಲ್ಲಿ ನಡೆಯುವುದಿಲ್ಲ.

"ಎರಡು ದಿನ ನಿಂತಿತ್ತಲ್ಲ ಸಾರ್" ಅನ್ನುತ್ತೀರಿ. ನಿಂತಿತ್ತು, ನಿಜ. ಮೂತಿ ದಾಟಿ ಬಂದ ಆಯಿಲ್ ಥ್ರೆಡ್ಡಿನಲ್ಲಿ ಟೇಪಿಗೆ ಸಿಕ್ಕಿ ನಿಂತಿತ್ತು. ಟ್ರ್ಯಾಕ್ಟರ್ ಹೈಡ್ರಾಲಿಕ್ಕಿನಲ್ಲಿ 150ರಿಂದ 200 ಬಾರ್ ಪ್ರೆಶರ್ ಇರುತ್ತದೆ. ಕಾರಿನ ಟೈರಿಗೆ ಎರಡೂವರೆ ಬಾರ್ ಕೂಡ ಇರುವುದಿಲ್ಲ, ಹೋಲಿಸಿ ನೋಡಿ. ಅಷ್ಟು ಒತ್ತಡ, ಬಿಸಿ, ಹೊಲದ ದಾರಿಯ ಕುಲುಕಾಟ ಎಲ್ಲ ಸೇರಿದರೆ ಮೆತ್ತನೆಯ ಟೇಪ್ ನಿಧಾನಕ್ಕೆ ಹೊರಗೆ ಜಾರುತ್ತದೆ. ಆಗ ಸೋರಿಕೆ ವಾಪಸ್ ಬರುತ್ತದೆ.

ಸೋರಿಕೆ ವಾಪಸ್ ಬಂದರೆ ಅದೇನು ದೊಡ್ಡ ವಿಷಯವಲ್ಲ. ನನಗೆ ಸಂಕಟ ಆಗುವುದು ಬೇರೆ ಎರಡು ಕಾರಣಕ್ಕೆ. ಒಂದು, ಟೇಪ್ ಜಾರುವ ವಸ್ತು. ಅದನ್ನು ಸುತ್ತಿದರೆ ನಟ್ಟು ಹಗುರಾಗಿ ತಿರುಗುತ್ತದೆ, ಕೈಗೆ ಬಿಗಿ ಗೊತ್ತಾಗುವುದೇ ಇಲ್ಲ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅಂತ ಬಿಗಿದು ವಾಲ್ವ್ ಬ್ಲಾಕಿನ ಬಾಯಿಯೇ ಸೀಳಿಕೊಂಡು ಬಂದವರನ್ನು ನೋಡಿದ್ದೇನೆ. ಇನ್ನೊಂದು, ಟೇಪಿನ ಚೂರು ಒಳಗೆ ಹೋಗುತ್ತದೆ. ಒಮ್ಮೆ ಒಬ್ಬರು "ಟ್ರೈಲರ್ ಎತ್ತಿದ ಮೇಲೆ ತಾನಾಗಿಯೇ ಇಳಿಯುತ್ತದೆ" ಎಂದು ಕಂಟ್ರೋಲ್ ವಾಲ್ವ್ ಬಿಚ್ಚಿ ತಂದಿದ್ದರು. ಒಳಗೆ ಹಿಂದೆ ಮುಂದೆ ಜಾರುವ ಸ್ಪೂಲ್ ಎಂಬ ಕಡ್ಡಿಯನ್ನು ಹೊರಗೆ ಎಳೆದೆ. ಅದರ ಸುತ್ತಲಿನ ತೋಡಿನಲ್ಲಿ ಒದ್ದೆ ಶಾವಿಗೆ ಎಳೆಯಂತೆ ಬಿಳಿ ದಾರ ಅಂಟಿಕೊಂಡಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಬೆರಳುದ್ದ ಬಂತು. ಆ ವಾಲ್ವಿನಲ್ಲಿ ಕೂದಲೆಳೆಗಿಂತ ಕಡಿಮೆ ಸಂದಿ ಇರುತ್ತದೆ. ಅಲ್ಲಿಗೆ ಟೇಪ್ ಹೋದರೆ ಏನಾಗಬೇಕು ಹೇಳಿ. ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್ಕಿಗೂ ಒಂದೇ ಆಯಿಲ್. ಒಳಗೆ ಹೋದ ಕಸ ಎಲ್ಲೆಲ್ಲಿ ತಿರುಗುತ್ತದೋ ಯಾರಿಗೆ ಗೊತ್ತು.

ಬೆಣೆ ಥ್ರೆಡ್ ಹೈಡ್ರಾಲಿಕ್ಕಿನಲ್ಲಿ ಇಲ್ಲವೇ ಇಲ್ಲ ಅಂತಲ್ಲ, ಕೆಲವು ಕಡೆ ಇದೆ. ಅಲ್ಲಿ ಕೂಡ ಟೇಪಿನ ಬದಲು ಥ್ರೆಡ್ಡಿಗೆ ಹಚ್ಚುವ ದ್ರವ ಸೀಲಂಟ್ ಬಳಸಿ. ಮೊದಲ ಎರಡು ಥ್ರೆಡ್ ಬಿಟ್ಟು ಹಚ್ಚಿ.

ಈಗ ನಿಮ್ಮ ಸೋರಿಕೆಗೆ ಬರೋಣ. ಬಿಚ್ಚಿದ ಜಾಯಿಂಟ್ ಮತ್ತೆ ಜೋಡಿಸಿ, ಒರೆಸಿ ಒಣಗಿಸಿ, ಇಂಜಿನ್ ಸ್ಟಾರ್ಟ್ ಮಾಡಿ ನೋಡಿ. ಎಲ್ಲಿಂದ ಬರುತ್ತಿದೆ ಅಂತ ಕೈಯಾಡಿಸಿ ಹುಡುಕಬೇಡಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಸೂಜಿಮೊನೆಯಷ್ಟು ತೂತಿನಿಂದ ಆ ಪ್ರೆಶರಿನಲ್ಲಿ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗುರುತು, ಮೊದಲಿಗೆ ನೋವೂ ಕಡಿಮೆ. ಬೆಳಗ್ಗೆ ನೋಡೋಣ ಅಂತ ಮಲಗಿದರೆ ಬೆರಳೇ ಹೋಗಬಹುದು. ಹಾಗೇನಾದರೂ ಆದರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ "ಹೈ ಪ್ರೆಶರ್ ಆಯಿಲ್ ಚುಚ್ಚಿದೆ" ಎಂದು ಬಾಯಿಬಿಟ್ಟು ಹೇಳಿ. ಹುಡುಕಲು ರಟ್ಟಿನ ಚೂರು ಸಾಕು. ಅದನ್ನು ದೂರದಿಂದ ಹಿಡಿದರೆ ಆಯಿಲ್ ಗುರುತು ಬೀಳುತ್ತದೆ. ಟ್ರೈಲರ್ ಎತ್ತಿದ್ದರೆ ಗಟ್ಟಿ ಆಸರೆ ಕೊಡದೆ ಕೆಳಗೆ ತಲೆ ಹಾಕಬೇಡಿ.

ಮೂತಿಯ ಕಡೆಯಿಂದ ಸೋರುತ್ತಿದ್ದರೆ ಮೊದಲಿನಂತೆಯೇ ಇಂಜಿನ್ ಆಫ್ ಮಾಡಿ, ಪ್ರೆಶರ್ ಬಿಟ್ಟು, ಜಾಯಿಂಟ್ ಬಿಚ್ಚಿ ಆಲಿಕೆಯನ್ನೂ ಮೂತಿಯನ್ನೂ ಉಗುರಿನಲ್ಲಿ ಸವರಿ ನೋಡಿ. ಗೀರು ತಾಗಿದರೆ ಆ ಕಡೆಯ ಫಿಟಿಂಗ್ ಬದಲಿಸಬೇಕು. ಮರಳಿನ ಕಣ ಇದ್ದರೆ ತೊಳೆದು ಹಾಕಿದರೆ ಸಾಕು, ಅರ್ಧ ಸೋರಿಕೆಗಳು ಇಷ್ಟರಲ್ಲೇ ನಿಲ್ಲುತ್ತವೆ. ನಿಪ್ಪಲ್ಲಿನ ಇನ್ನೊಂದು ತುದಿ, ಅಂದರೆ ಜಾಕಿಗೆ ಹೋಗುವ ಕಡೆ ಸೋರಿದರೆ ಅಲ್ಲಿರುವ ವಾಷರ್ ನೋಡಿ. ಕಬ್ಬಿಣದ ಬಳೆಯ ಒಳಗೆ ರಬ್ಬರ್ ಅಂಚು ಇರುವುದು ಡೌಟಿ ವಾಷರ್. ಹೆಸರು ವಿಚಿತ್ರ ಅನ್ನಿಸಬಹುದು. ಇಂಗ್ಲೆಂಡಿನಲ್ಲಿ ಜಾರ್ಜ್ ಡೌಟಿ ಎಂಬುವವರು 1931ರಲ್ಲಿ ವಿಮಾನದ ಭಾಗ ಮಾಡುವ ಕಂಪನಿ ಶುರು ಮಾಡಿದರು, ಅದೇ ಹೆಸರು ನಮ್ಮೂರಿನ ಅಂಗಡಿಯವರೆಗೂ ಬಂದಿದೆ. ಆ ರಬ್ಬರ್ ಹರಿದಿದ್ದರೆ ಹೊಸದು ಹಾಕಿ. ಕೆಲವೇ ರೂಪಾಯಿಯ ವಸ್ತು, ಹಳೆಯದನ್ನು ತಿರುಗಿಸಿ ಹಾಕಬೇಡಿ.

ಇಷ್ಟು ಮಾಡಿಯೂ ನಿಲ್ಲದಿದ್ದರೆ ಜೋಡಿಯೇ ತಪ್ಪಿರಬಹುದು. ನಮ್ಮ ಕಡೆ ಟ್ರೈಲರುಗಳಲ್ಲಿ ಬ್ರಿಟಿಷ್ ಅಳತೆಯ ಪೈಪ್ ಥ್ರೆಡ್, ಅಂದರೆ ಬಿಎಸ್‌ಪಿ ಜಾಸ್ತಿ. "ಅರ್ಧ ಇಂಚು ಬಿಎಸ್‌ಪಿ" ಅನ್ನುವ ನಿಪ್ಪಲ್ಲಿನ ಹೊರಗಿನ ಥ್ರೆಡ್ ಅಳೆದರೆ ಸುಮಾರು 21 ಮಿಲಿಮೀಟರ್ ಬರುತ್ತದೆ. ಅರ್ಧ ಇಂಚು ಅಂದರೆ 12.7 ಅಲ್ವಾ ಎಂದು ಗಾಬರಿಯಾಗಬೇಡಿ. ಆ ಹೆಸರು ಹಳೇ ಕಾಲದ ಪೈಪಿನ ಒಳಬಾಯಿಯ ಲೆಕ್ಕದ್ದು, ಥ್ರೆಡ್ಡಿನದಲ್ಲ. ಮೆಟ್ರಿಕ್ 22ರ ನಿಪ್ಪಲ್ ಪಕ್ಕದಲ್ಲಿಟ್ಟರೆ ಕಣ್ಣಿಗೆ ಎರಡೂ ಒಂದೇ. ಆದರೆ ಬಿಎಸ್‌ಪಿಯಲ್ಲಿ ಇಂಚಿಗೆ 14 ಥ್ರೆಡ್, ಅಂದರೆ ಒಂದೊಂದಕ್ಕೆ 1.8 ಮಿಲಿಮೀಟರ್. ಮೆಟ್ರಿಕ್ಕಿನಲ್ಲಿ 1.5. ಅಮೆರಿಕದ ಅಳತೆಯ ಜೆಐಸಿ ಇನ್ನೂ ಮೋಸ ಮಾಡುತ್ತದೆ. ಅದರ ಮೂತಿಯ ಕೋನ 37 ಡಿಗ್ರಿ. 45 ಡಿಗ್ರಿಯ ಇನ್ನೊಂದು ಜಾತಿ ಇದೆ, ಅರ್ಧ ಇಂಚಿನ ಸೈಜಿನಲ್ಲಿ ಎರಡಕ್ಕೂ ಥ್ರೆಡ್ ಒಂದೇ. ನಟ್ಟು ಬೆಣ್ಣೆಯಂತೆ ಕೂರುತ್ತದೆ, ಆದರೆ ಮೂತಿ ಒಂದು ಗೆರೆಯಷ್ಟು ಮಾತ್ರ ತಾಗಿ ಸೋರುತ್ತಲೇ ಇರುತ್ತದೆ. ಅದಕ್ಕೇ ಅಂಗಡಿಗೆ ಬರುವಾಗ ಪೈಪ್ ಒಂದೇ ತರಬೇಡಿ, ಅದು ಕೂರುವ ನಿಪ್ಪಲ್ಲನ್ನೂ ಬಿಚ್ಚಿ ತನ್ನಿ. ಫೋನಿನಲ್ಲಿ ಕಳಿಸಿದ ಫೋಟೋ ನೋಡಿ ಸೈಜ್ ಹೇಳಲು ನನ್ನಿಂದಾಗುವುದಿಲ್ಲ.

ಬಿಗಿ ಮಾಡುವಾಗ ಎರಡು ಸ್ಪ್ಯಾನರ್ ಬೇಕು. ಒಂದರಲ್ಲಿ ನಟ್ಟು ತಿರುಗಿಸಿ, ಇನ್ನೊಂದರಲ್ಲಿ ಪೈಪಿನ ಫಿಟಿಂಗ್ ಅಲುಗದಂತೆ ಹಿಡಿಯಿರಿ. ಒಂದೇ ಸ್ಪ್ಯಾನರಿನಲ್ಲಿ ಬಿಗಿದರೆ ಪೈಪ್ ಹಗ್ಗದಂತೆ ಹುರಿಗೊಳ್ಳುತ್ತದೆ. ಪೈಪಿನ ಮೇಲೆ ಉದ್ದಕ್ಕೆ ಅಕ್ಷರಗಳ ಸಾಲು ಒತ್ತಿರುತ್ತದೆ. ಆ ಸಾಲು ನೇರ ಇರಬೇಕು, ಬಳ್ಳಿಯ ಹಾಗೆ ಸುತ್ತಿಕೊಂಡಿದ್ದರೆ ಬಿಚ್ಚಿ ಮತ್ತೆ ಹಾಕಿ.

ಅಕ್ಷರಗಳ ಮಾತು ಬಂತು, ಯಾರೂ ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಆ ಸಾಲಿನಲ್ಲಿ ಆರ್1 ಅಥವಾ ಆರ್2 ಎಂದಿರುತ್ತದೆ. ರಬ್ಬರಿನ ಒಳಗೆ ತಂತಿಯ ಬಲೆ ಒಂದು ಪದರ ಇದ್ದರೆ ಆರ್1, ಎರಡು ಇದ್ದರೆ ಆರ್2. ಯುರೋಪಿನ ಲೆಕ್ಕದಲ್ಲಿ ಅರ್ಧ ಇಂಚಿನ ಒಂದು ಪದರದ ಪೈಪ್ 160 ಬಾರ್‌ಗೆ, ಎರಡು ಪದರದ್ದು 275 ಬಾರ್‌ಗೆ. ಜಾಕಿಗೆ ಯಾವುದು ಬೇಕು ಅಂತ ಈಗ ನೀವೇ ಹೇಳಬಹುದು. "ದಪ್ಪ ಪೈಪ್ ಕೊಡಿ ಸಾರ್, ಗಟ್ಟಿ ಇರಲಿ" ಎನ್ನುವವರು ಬಹಳ. ಲೆಕ್ಕ ಉಲ್ಟಾ. ಅದೇ ಎರಡು ಪದರದ ಕಾಲು ಇಂಚಿನ ಪೈಪ್ 400 ಬಾರ್ ತಡೆಯುತ್ತದೆ. ಒಳಬಾಯಿ ದೊಡ್ಡದಾದಷ್ಟೂ ಗೋಡೆಯನ್ನು ಹೊರಗೆ ತಳ್ಳುವ ಬಲ ಜಾಸ್ತಿ, ತಂತಿಯ ಮೇಲೆ ಭಾರ ಜಾಸ್ತಿ. ಹಾಗಂತ ಜಾಕಿಗೆ ಕಾಲು ಇಂಚು ಹಾಕಿಸಬೇಡಿ. ಆಯಿಲ್ ಹೋಗಿ ಬರುವುದು ನಿಧಾನವಾಗಿ ಟ್ರೈಲರ್ ಏಳಲು ಇಳಿಯಲು ಹೊತ್ತಾಗುತ್ತದೆ, ಆಯಿಲ್ ಬಿಸಿಯಾಗುತ್ತದೆ. ಮೊದಲು ಎಷ್ಟಿತ್ತೋ ಅಷ್ಟೇ ಒಳಬಾಯಿ ಹಾಕಿಸಿ. ಉದ್ದ ಮಾತ್ರ ಸ್ವಲ್ಪ ಸಡಿಲ ಇರಲಿ. ಪ್ರೆಶರ್ ಏರಿದಾಗ ಪೈಪ್ ನೂರಕ್ಕೆ ನಾಲ್ಕು ಭಾಗದವರೆಗೂ ಗಿಡ್ಡ ಆಗಬಹುದು, ಒಂದೂವರೆ ಮೀಟರಿನ ಪೈಪಿಗೆ ಅದು ಆರು ಸೆಂಟಿಮೀಟರ್. ಬಿಗಿಯಾಗಿ ಎಳೆದು ಕಟ್ಟಿದ ಪೈಪ್ ಪ್ರತಿ ಸಲ ಟ್ರೈಲರ್ ಎತ್ತಿದಾಗಲೂ ಅದೇ ಜಾಯಿಂಟನ್ನು ಎಳೆಯುತ್ತಿರುತ್ತದೆ.