ಎಕ್ಸ್‌ಪೋಶರ್ ಅಂದ್ರೆ ಬ್ರೈಟ್‌ನೆಸ್ ಅಲ್ಲ, ಒಡ್ಡೋದು

ಸಮಾರಂಭಗಳಲ್ಲಿ ಜನ ನಿಂತು ಫೋಟೋ ತೆಗೆಸ್ಕೊಂಡು ಅಲ್ಲೇ ಪ್ರಿಂಟ್ ತಗೊಳ್ತಾರಲ್ಲ, ಆ ಫೋಟೋ ಬೂತ್ ಇಡೋವರಿಗೆ ಅಂತ ಬರೆದ ಒಂದು ಕ್ಯಾಮೆರಾ ಸೆಟ್ಟಿಂಗ್ಸ್ ಲೇಖನ ಓದ್ತಾ ಇದ್ದೆ, ಮೆಷಿನ್ ಕನ್ನಡಕ್ಕೆ ತಂದಿದ್ದು ಅಂತ ಎರಡನೇ ಸಾಲಿಗೇ ಗೊತ್ತಾಯ್ತು. ಅದರಲ್ಲಿ "ಚಿತ್ರ ಕತ್ತಲಾಗಿದ್ದರೆ ಮಾನ್ಯತೆ ಹೆಚ್ಚಿಸಿ" ಅಂತಿತ್ತು. ಮಾನ್ಯತೆ! ಎಕ್ಸ್‌ಪೋಶರ್‌ಗೆ ಈ ಪದ ಹಾಕಿದ್ದನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಹೊಸ ಕಲಾವಿದರಿಗೆ ಎಕ್ಸ್‌ಪೋಶರ್ ಸಿಗಲಿ ಅಂತೀವಲ್ಲ, ಆ ಅರ್ಥವನ್ನ ಎತ್ಕೊಂಡು ಬಂದು ಕ್ಯಾಮೆರಾ ಒಳಗೆ ತುರುಕಿದಾರೆ. ಮೆಷಿನ್ ಬಿಡಿ, ಅದಕ್ಕೇನು ಗೊತ್ತು. ಕ್ಯಾಮೆರಾನೇ ಹೊಟ್ಟೆಪಾಡು ಮಾಡ್ಕೊಂಡಿರೋ ಎಷ್ಟೋ ಜನ ಫೋಟೋ ಡಲ್ ಬಂದ್ರೂ ಎಕ್ಸ್‌ಪೋಶರ್, ಸ್ಕ್ರೀನ್ ಕಪ್ಪಾಗಿ ಕಂಡ್ರೂ ಎಕ್ಸ್‌ಪೋಶರ್, ಮುಖ ಹಳದಿ ಬಂದ್ರೂ ಎಕ್ಸ್‌ಪೋಶರ್ ಅಂತಾರಲ್ಲ, ಅದಕ್ಕೇ ಇಷ್ಟು ಬರೀಬೇಕು ಅನ್ನಿಸಿದ್ದು. ಮುಖ ಹಳದಿ ಬರೋದು ವೈಟ್ ಬ್ಯಾಲೆನ್ಸ್, ಅಂದ್ರೆ ಬಿಳಿ ಬಿಳಿಯಾಗೇ ಕಾಣೋ ಹಾಗೆ ಬಣ್ಣ ಹೊಂದಿಸೋದರ ಸಮಸ್ಯೆ, ಅದು ಬೇರೇನೇ ವಿಷಯ.

ಪದದ ಮೂಲ ಲ್ಯಾಟಿನ್. 'ಎಕ್ಸ್' ಅಂದ್ರೆ ಹೊರಗೆ, 'ಪೊನೆರೆ' ಅಂದ್ರೆ ಇಡೋದು. ಹೊರಗೆ ಇಡೋದು, ತೆರೆದು ಇಡೋದು, ಅಷ್ಟೇ. ಸಿನಿಮಾ ಮಾತಲ್ಲಿ ಬರೋ ಎಕ್ಸ್‌ಪೋಸಿಂಗು, ಪತ್ರಿಕೆಯವರು ಹಗರಣ ಎಕ್ಸ್‌ಪೋಸ್ ಮಾಡೋದು ಎಲ್ಲಾ ಇದೇ ತೆರೆದಿಡೋದರ ಬೇರೆ ಬೇರೆ ರೂಪ. ಆದ್ರೆ ನಮ್ಮಲ್ಲಿ ಇದಕ್ಕಿಂತ ಚೆನ್ನಾಗಿರೋ ಪದ ಇದೆ, ಒಡ್ಡು ಅಂತ. ಬಿಸಿಲಿಗೆ ಮೈ ಒಡ್ಡೋದು, ಮಳೆಗೆ ಮುಖ ಒಡ್ಡೋದು, ಪೆಟ್ಟಿಗೆ ಬೆನ್ನು ಒಡ್ಡೋದು, ಪಣಕ್ಕೆ ಒಡ್ಡೋದು. ಗಮನಿಸಿ, ಪ್ರತಿ ಸಲನೂ 'ಯಾವುದಕ್ಕೆ' ಅನ್ನೋದು ಬಂದೇ ಬರುತ್ತೆ. ಸುಮ್ನೆ "ಮೈ ಒಡ್ಡಿದ" ಅಂದ್ರೆ ಕೇಳೋವರು "ಯಾವುದಕ್ಕೆ?" ಅಂತ ಕೇಳೇ ಕೇಳ್ತಾರೆ. ಬಿಸಿಲಿಗೆ ಅಂದ ತಕ್ಷಣ ಎಷ್ಟು ಹೊತ್ತು ಅನ್ನೋದೂ ಬರುತ್ತೆ, ಬೆನ್ನು ಪೂರ್ತಿ ತೆರೆದಿದ್ನಾ ಅಂಗಿ ಹಾಕಿದ್ನಾ ಅನ್ನೋದೂ ಬರುತ್ತೆ, ಬೆಳಗಿನ ಎಳೆ ಬಿಸಿಲೋ ನಡು ಮಧ್ಯಾಹ್ನದ ಬಿಸಿಲೋ ಅನ್ನೋದೂ ಬರುತ್ತೆ. ಎಕ್ಸ್‌ಪೋಶರ್ ಅಂದ್ರೆ ಪೂರ್ತಿ ಇಷ್ಟೇ. ಕ್ಯಾಮೆರಾ ಒಳಗೆ ಬೆಳಕು ಹಿಡಿಯೋ ಸೆನ್ಸರ್‌ನ ಬೆಳಕಿಗೆ ಒಡ್ಡಿದ್ದು. ಎಷ್ಟು ಹೊತ್ತು ಅನ್ನೋದು ಶಟರ್ ಸ್ಪೀಡು, ಲೆನ್ಸಿನ ಕಿಂಡಿ ಎಷ್ಟು ತೆರೆದಿದ್ದು ಅನ್ನೋದು ಅಪರ್ಚರ್ರು, ಯಾವ ಬಿಸಿಲು ಅನ್ನೋದು ಎದುರಿಗಿರೋ ಲೈಟು. ಬ್ರೈಟ್‌ನೆಸ್ ಅನ್ನೋ ಪದಕ್ಕೆ ಈ ಮೂರು ಪ್ರಶ್ನೆಗಳೂ ಇಲ್ಲ, ಅದು ಬರೀ ಕಣ್ಣಿಗೆ ಕಾಣೋ ಫಲಿತಾಂಶ, ಅದಕ್ಕೇ ಎರಡನ್ನೂ ಒಂದೇ ಅನ್ನಬಾರದು.

ಎಷ್ಟು ಹೊತ್ತು ಅನ್ನೋದು ಎಷ್ಟು ಮುಖ್ಯ ಅಂತ ನೋಡಬೇಕಾದ್ರೆ 1838ರಲ್ಲಿ ಡಾಗೆರ್, ಫೋಟೋಗ್ರಫಿ ಶುರು ಮಾಡಿದವರಲ್ಲಿ ಒಬ್ಬ, ಪ್ಯಾರಿಸ್‌ನಲ್ಲಿ ತೆಗೆದ ಬೀದಿ ಚಿತ್ರ ನೋಡಿ. ಜನ, ಗಾಡಿ ಓಡಾಡ್ತಿದ್ದ ಹಗಲಿನ ಬೀದಿ, ಚಿತ್ರದಲ್ಲಿ ಮಾತ್ರ ಖಾಲಿ ಖಾಲಿ. ಚಿತ್ರ ಮೂಡೋ ಲೋಹದ ತಟ್ಟೆಯನ್ನ ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕಿತ್ತು, ನಡೆದು ಹೋದವರ್ಯಾರೂ ಅಚ್ಚಾಗೋವಷ್ಟು ಹೊತ್ತು ಒಂದು ಜಾಗದಲ್ಲಿ ನಿಲ್ಲಲಿಲ್ಲ. ಕೆಳಗೆ ಮೂಲೆಯಲ್ಲಿ ಒಬ್ಬ ಮಾತ್ರ ಸ್ಪಷ್ಟವಾಗಿ ಕಾಣ್ತಾನೆ, ಬೂಟು ಪಾಲಿಶ್ ಮಾಡಿಸ್ಕೊಳ್ತಾ ಒಂದು ಕಾಲು ಎತ್ತಿಟ್ಟು ನಿಂತವನು. ಅವನು ಚಿತ್ರದಲ್ಲಿ ಉಳಿದಿದ್ದು ಬೆಳಕಿಗೆ ಮೈ ಒಡ್ಡಿ ಅಷ್ಟು ಹೊತ್ತು ನಿಂತಿದ್ದಕ್ಕೆ. ಬ್ರೈಟ್‌ನೆಸ್ ಜಾಸ್ತಿ ಮಾಡಿದ್ರೆ ಉಳಿದವರು ಬರ್ತಾರಾ? ಬರಲ್ಲ.

ಈಗ ಐಎಸ್‌ಒ, ಅಂದ್ರೆ ಬಿದ್ದ ಬೆಳಕನ್ನ ಎಷ್ಟು ಹೆಚ್ಚಿಸಿ ತೋರಿಸಬೇಕು ಅನ್ನೋ ಸಂಖ್ಯೆ. 400 ಇದ್ದದ್ದನ್ನ 800 ಮಾಡಿದ್ರೆ ಸೆನ್ಸರ್ ಮೇಲೆ ಬೀಳೋ ಬೆಳಕು ಒಂದು ಚೂರೂ ಜಾಸ್ತಿ ಆಗಲ್ಲ, ಬಿದ್ದಿರೋದನ್ನ ಎರಡು ಪಟ್ಟು ಜಾಸ್ತಿ ಮಾಡಿ ತೋರಿಸುತ್ತೆ ಅಷ್ಟೇ. ಎಕ್ಸ್‌ಪೋಶರ್ ಟ್ರಯಾಂಗಲ್ ಅಂತ ಮೂರು ಮೂಲೆ ಚಿತ್ರ ಬಿಡಿಸಿ ಶಟರ್, ಅಪರ್ಚರ್ ಜೊತೆ ಒಂದು ಮೂಲೆಗೆ ಐಎಸ್‌ಒ ಕೂರಿಸಿ ಹೇಳ್ಕೊಡ್ತಾರಲ್ಲ, ಅರ್ಧ ಗೊಂದಲ ಅಲ್ಲಿಂದಲೇ ಶುರು ಆಗಿದ್ದು ಅಂತ ನನ್ನ ಗಟ್ಟಿ ಅಭಿಪ್ರಾಯ. ಆ ಮೂಲೆಯಲ್ಲಿ ಇರಬೇಕಾದ್ದು ಎದುರಿಗಿರೋ ಲೈಟು, ಫೋಟೋ ಬೂತಲ್ಲಂತೂ ಅದೇ ಮುಖ್ಯ. ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಪೋಶರ್ ಅಂತ ಒಂದು ಸ್ಲೈಡರ್ ಇಟ್ಟು ಅವರೂ ತಮ್ಮ ಪಾಲಿಗೆ ಕೆಡಿಸಿದಾರೆ, ಫೋಟೋ ತೆಗೆದು ಆದ ಮೇಲೆ ಯಾವ ಬೆಳಕಿಗೆ ಒಡ್ಡೋದು? ಕೆನ್ನೆ ಬೆಳ್ಳಗೆ ಸುಟ್ಟು ಹೋಗಿದ್ರೆ ಆ ಸ್ಲೈಡರ್ ಎಷ್ಟು ಎಡಕ್ಕೆ ಎಳೆದ್ರೂ ಅಲ್ಲಿ ಬೂದು ಬಣ್ಣದ ತೇಪೆ ಬರುತ್ತೆ, ಕೆನ್ನೆ ಬರಲ್ಲ.

ಒಂದು ಸಮಾರಂಭದಲ್ಲಿ ಕಣ್ಣಾರೆ ನೋಡಿದ್ದು ಹೇಳ್ತೀನಿ. ಬೂತ್ ನೋಡ್ಕೊಳ್ತಿದ್ದ ಹುಡುಗ ಸೆಟ್ಟಿಂಗ್ ಸರಿಯಾಗೇ ಇಟ್ಟಿದ್ದ, ಎಲ್ಲಾ ಕೈಯಲ್ಲೇ ಇಡೋ ಮ್ಯಾನುಯಲ್ ಮೋಡು, ಅಪರ್ಚರ್ ಎಫ್ 8, ಶಟರ್ 1/125 ಸೆಕೆಂಡು, ಐಎಸ್‌ಒ 200, ಬೆಳಕು ಮೆದು ಮಾಡೋ ಛತ್ರಿ ಹಾಕಿದ ಒಂದು ಫ್ಲ್ಯಾಶು. ಆದ್ರೆ ಎದುರಿಗಿದ್ದ ಸ್ಕ್ರೀನಲ್ಲಿ ಜನರಿಗೆ ತಮ್ಮ ಮುಖ ಕಾಣ್ತಿರಲಿಲ್ಲ, ಕಪ್ಪು. ಯಾರೋ ಹಿಂದಿನಿಂದ "ಎಕ್ಸ್‌ಪೋಶರ್ ಕಮ್ಮಿ ಆಗಿದೆ ನೋಡಪ್ಪಾ" ಅಂದ್ರು. ಅವನು ಗಾಬರಿಯಲ್ಲಿ ಐಎಸ್‌ಒನ 6400ಕ್ಕೆ ಏರಿಸಿದ, ಸ್ಕ್ರೀನ್ ಚೆನ್ನಾಗಿ ಕಾಣ್ತು, ಎಲ್ಲರಿಗೂ ಖುಷಿ. ಫ್ಲ್ಯಾಶ್ ಹೊಡೀತು. ಪ್ರಿಂಟರಿಂದ ಹೊರಗೆ ಬಂದ ಕಾಗದದಲ್ಲಿ ವಯಸ್ಸಾದ ಗಂಡ ಹೆಂಡ್ತಿ, ಇಬ್ಬರ ಮುಖದಲ್ಲೂ ಹುಬ್ಬು, ಕಣ್ಣಿನ ಗುಡ್ಡೆ, ಯಜಮಾನರ ಕನ್ನಡಕದ ಫ್ರೇಮು ಇಷ್ಟು ಬಿಟ್ರೆ ಮೂಗು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರು ಆಗುತ್ತೆ ಅನ್ನೋ ಗೆರೆನೇ ಇಲ್ಲ. 200ರಿಂದ 6400 ಅಂದ್ರೆ ಐದು ಸ್ಟಾಪು, ಒಂದೊಂದು ಸ್ಟಾಪಿಗೂ ಎರಡು ಪಟ್ಟು, ಒಟ್ಟು 32 ಪಟ್ಟು. ಆ ಅಜ್ಜಿ ಕಾಗದ ಹಿಡ್ಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ್ದು ಇನ್ನೂ ಕಣ್ಣ ಮುಂದೆ ಇದೆ.

ಅಲ್ಲಿ ಎಕ್ಸ್‌ಪೋಶರ್ ಕಮ್ಮಿ ಇರಲೇ ಇಲ್ಲ. ಕ್ಯಾಮೆರಾ ಸ್ಕ್ರೀನಲ್ಲಿ ತೋರಿಸ್ತಾ ಇದ್ದದ್ದು ಆ ಸೆಟ್ಟಿಂಗಲ್ಲಿ ಹಾಲಿನ ಲೈಟಿಗೆ ಒಡ್ಡಿದ್ರೆ ಏನು ಬರುತ್ತೆ ಅಂತ, ಆದ್ರೆ ಫೋಟೋ ಒಡ್ಡಿಕೊಳ್ಳೋದು ಫ್ಲ್ಯಾಶಿಗೆ. 'ಯಾವುದಕ್ಕೆ' ಅನ್ನೋ ಪ್ರಶ್ನೆ ಕೇಳಿದ್ರೆ ಅಲ್ಲೇ ಉತ್ತರ ಇತ್ತು. ಮಾಡಬೇಕಾಗಿದ್ದು ಇಷ್ಟೇ, ಮೆನುಗೆ ಹೋಗಿ ಆ ತೋರಿಸೋದನ್ನ ಆಫ್ ಮಾಡೋದು, ಕ್ಯಾನನ್‌ನಲ್ಲಿ ಅದಕ್ಕೆ ಎಕ್ಸ್‌ಪೋಶರ್ ಸಿಮ್ಯುಲೇಶನ್ ಅಂತ ಹೆಸರು, ಸೋನಿಯಲ್ಲಿ ಸೆಟ್ಟಿಂಗ್ ಎಫೆಕ್ಟ್ ಆಫ್ ಅಂತ ಸಿಗುತ್ತೆ. ಆಫ್ ಮಾಡಿದ್ರೆ ಸ್ಕ್ರೀನ್ ಬೆಳಕಾಗಿ ಕಾಣುತ್ತೆ, ಫೋಟೋಗೆ ಅದರಿಂದ ಏನೂ ಆಗಲ್ಲ.

ಆಮೇಲೆ ಅವನು ಇನ್ನೊಂದು ಮಾಡಿದ, ಮುಖ ಬೆಳ್ಳಗಾಯ್ತಲ್ಲ ಅಂತ ಶಟರ್‌ನ 1/125ರಿಂದ 1/200ಕ್ಕೆ ತಂದ. ಮುಖದಲ್ಲಿ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಏನೂ ಆಗಲಿಲ್ಲ, ಆಗೋದೂ ಇಲ್ಲ. ಇದನ್ನ ಬೂತ್ ಇಡೋವರು ಸರಿಯಾಗಿ ಮನಸ್ಸಿಗೆ ತಂದ್ಕೋಬೇಕು. ಸಾಮಾನ್ಯ ಫ್ಲ್ಯಾಶ್ ಉರಿಯೋದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸು, ಶಟರ್ 1/60 ತೆರೆದಿದ್ರೂ 1/200 ತೆರೆದಿದ್ರೂ ಆ ಮಿಂಚು ಪೂರ್ತಿ ಒಳಗೆ ಬಂದು ಮುಗಿದು ಹೋಗಿರುತ್ತೆ. ಹಾಗಾಗಿ ಫ್ಲ್ಯಾಶಿನ ಬೆಳಕಿನ ಮಟ್ಟಿಗೆ ಕೆಲಸ ಮಾಡೋದು ಅಪರ್ಚರು, ಫ್ಲ್ಯಾಶ್ ಪವರು, ಫ್ಲ್ಯಾಶ್ ಎಷ್ಟು ದೂರ ಇದೆ ಅನ್ನೋದು. ಶಟರ್ ಬದಲಾಯಿಸಿದ್ರೆ ಬದಲಾಗೋದು ಸುತ್ತಲಿನ ಲೈಟು ಮಾತ್ರ. ಇದು ತೊಂದರೆ ಅಲ್ಲ, ಅನುಕೂಲ. ಹಿಂದೆ ಸೀರಿಯಲ್ ಲೈಟ್ ಹಾಕಿದಾರೆ, ಅದು ಫೋಟೋದಲ್ಲಿ ಸತ್ತಂಗೆ ಕಾಣ್ತಿದೆ ಅಂದ್ರೆ 1/125ರಿಂದ 1/60ಕ್ಕೆ ತನ್ನಿ, ಮುಖ ಬಹುತೇಕ ಹಾಗೇ ಇರುತ್ತೆ, ಹಿಂದಿನ ಲೈಟುಗಳು ಜೀವ ಬಂದಂಗೆ ಹೊಳೀತವೆ. ಇನ್ನೂ ಕೆಳಗೆ ಹೋದ್ರೆ ಕುಣಿಯೋವರ ಕೈ ಎಲ್ಲಾ ಹೊಗೆ ಥರ ಬರುತ್ತೆ. ಮೇಲಕ್ಕೆ ಹೋಗೋದಕ್ಕೂ ಮಿತಿ ಇದೆ, ಬಹಳಷ್ಟು ಕ್ಯಾಮೆರಾಗಳಲ್ಲಿ 1/200 ಅಥವಾ 1/250, ಅದನ್ನ ದಾಟಿದ್ರೆ ಫೋಟೋದ ಒಂದು ಕಡೆ ಕಪ್ಪು ಪಟ್ಟಿ ಬರುತ್ತೆ, ಶಟರ್ ಪರದೆ ಅಡ್ಡ ಬಂದಿದ್ದು ಅದು.

ದೂರದ ಲೆಕ್ಕ ಜನ ಯಾಕೋ ಹಾಕೋದೇ ಇಲ್ಲ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಮ್ಮಿ ಆಗುತ್ತೆ. ಫ್ಲ್ಯಾಶ್‌ನಿಂದ ಮುಂದಿನ ಸಾಲು 1.5 ಮೀಟರು, ಹಿಂದಿನ ಸಾಲು 2.1 ಮೀಟರು ಅಂತಿಟ್ಕೊಳ್ಳಿ, ನೋಡೋಕೆ ಒಂದು ಹೆಜ್ಜೆ ಅಷ್ಟೇ, ಆದ್ರೆ ಹಿಂದಿನವರ ಮುಖಕ್ಕೆ ಬೀಳೋದು ಸುಮಾರು ಅರ್ಧ ಬೆಳಕು, ಒಂದು ಸ್ಟಾಪು ಕಮ್ಮಿ. ಎಕ್ಸ್‌ಪೋಶರ್ ಏರಿಸಿದ್ರೆ ಮುಂದಿನವರು ಸುಡ್ತಾರೆ, ಇಳಿಸಿದ್ರೆ ಹಿಂದಿನವರು ಕಪ್ಪು. ಫ್ಲ್ಯಾಶ್ ಸ್ಟ್ಯಾಂಡನ್ನ ಮುಂದಿನ ಸಾಲಿಂದ 3 ಮೀಟರ್ ದೂರ ಆಗೋ ಹಾಗೆ ಹಿಂದಕ್ಕೆ ಎಳೆದು ಪವರ್ ಜಾಸ್ತಿ ಮಾಡಿ, ಆಗ ಅದೇ ಒಂದು ಹೆಜ್ಜೆಯ ವ್ಯತ್ಯಾಸ ಅರ್ಧ ಸ್ಟಾಪಿಗೆ ಇಳಿಯುತ್ತೆ. ಕ್ಯಾಮೆರಾದ ಒಂದು ಬಟನ್ನೂ ಮುಟ್ಟದೆ ಎಕ್ಸ್‌ಪೋಶರ್ ಸರಿ ಮಾಡಿದಂಗಾಯ್ತು. ಎಫ್ 5.6ರಿಂದ 8ರ ಒಳಗೆ ಇದ್ರೆ ಎರಡು ಸಾಲೂ ಫೋಕಸ್ಸಲ್ಲಿ ಇರೋದು ಸುಲಭ, ಬೂತಲ್ಲಿ ಎಫ್ 1.8 ಹಾಕಿ ಬ್ಯಾಕ್‌ಗ್ರೌಂಡ್ ಬ್ಲರ್ ಮಾಡೋ ಆಸೆ ದಯವಿಟ್ಟು ಬಿಟ್ಬಿಡಿ.

ಕ್ಯಾಮೆರಾದ ಆಟೋ ಮೋಡು ಯಾಕೆ ಬೇಡ ಅಂದ್ರೆ, ಕ್ಯಾಮೆರಾ ಎದುರಿಗಿರೋದೆಲ್ಲ ಸರಾಸರಿ ಬೂದು ಅಂದ್ಕೊಂಡು ಲೆಕ್ಕ ಹಾಕುತ್ತೆ. ಬಿಳಿ ಬಟ್ಟೆಯವರು ನಾಲ್ಕು ಜನ ಬಂದ್ರೆ ಕತ್ತಲು ಮಾಡುತ್ತೆ, ಕಪ್ಪು ಕೋಟು ಬಂದ್ರೆ ಮುಖ ಬೆಳ್ಳಗೆ ಮಾಡುತ್ತೆ, ಒಂದೇ ಪಟ್ಟಿಯಲ್ಲಿ ನಾಲ್ಕು ಫೋಟೋ ನಾಲ್ಕು ಥರ. ಅನತೋಲ್ ಜೋಸೆಫೊ 1925ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ ಫೋಟೋಮ್ಯಾಟನ್ ಅನ್ನೋ ಫೋಟೋ ಬೂತ್ ಇಟ್ಟಾಗ 25 ಸೆಂಟಿಗೆ 8 ಚಿತ್ರ ಕೊಡ್ತಿದ್ದ, ಅಂಥ ಹಳೇ ಬೂತ್‌ಗಳಲ್ಲಿ ಲೈಟು, ಲೆನ್ಸು ಎಲ್ಲಾ ಒಂದೇ ಕಡೆ ಗಟ್ಟಿ. ಕೂರೋವರು ತಿರುಗಿಸಬಹುದಾಗಿದ್ದು ಸ್ಟೂಲ್ ಒಂದೇ, ಎತ್ತರ ಸರಿ ಮಾಡ್ಕೊಳ್ಳೋಕೆ. ಜನ ಬದಲಾಗ್ತಾರೆ, ಬೆಳಕು ಬದಲಾಗಲ್ಲ, ಹಾಗಾಗಿ ಎಕ್ಸ್‌ಪೋಶರ್ ಒಂದು ಸಲ ಇಟ್ರೆ ಮುಗೀತು. ಇವತ್ತಿನ ಬೂತಿಗೂ ಅದೇ ಲೆಕ್ಕ, ಮ್ಯಾನುಯಲ್ ಇಡಿ, ವೈಟ್ ಬ್ಯಾಲೆನ್ಸೂ ಫ್ಲ್ಯಾಶ್‌ಗೆ ಫಿಕ್ಸ್ ಮಾಡಿ, ನೆಲದ ಮೇಲೆ ಟೇಪ್ ಅಂಟಿಸಿ ಅಲ್ಲೇ ನಿಲ್ಲಿಸಿ.

ವಿಡಿಯೋಗೆ ಫ್ಲ್ಯಾಶ್ ಲೆಕ್ಕಕ್ಕಿಲ್ಲ, ಉರೀತಾ ಇರೋ ಲೈಟೇ ಬೇಕು, ಅಲ್ಲಿ ಶಟರ್‌ಗೆ ಮತ್ತೆ ಬೆಲೆ ಬರುತ್ತೆ ಆದ್ರೆ ಕೈ ಕಟ್ಟಿರುತ್ತೆ. ಕರೆಂಟು 50 ಹರ್ಟ್ಸ್ ಇರೋ ಕಡೆ ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ, 1/50 ಅಥವಾ 1/100 ಇಟ್ರೆ ವಿಡಿಯೋದಲ್ಲಿ ಕಪ್ಪು ಪಟ್ಟಿ ಓಡೋದು ತಪ್ಪುತ್ತೆ, 60 ಹರ್ಟ್ಸ್ ಕಡೆ 1/60 ಅಥವಾ 1/120. ಕ್ಯಾಮೆರಾ ಜನರ ಸುತ್ತ ತಿರುಗೋ 360 ಬೂತಲ್ಲಿ ಸ್ಲೋ ಮೋಶನ್ ಬೇಕು ಅಂತ ಸೆಕೆಂಡಿಗೆ 120 ಫ್ರೇಮು, 1/240 ಶಟರ್ ಇಟ್ರೆ 1/60ಕ್ಕೆ ಹೋಲಿಸಿದ್ರೆ ನಾಲ್ಕನೇ ಒಂದು ಭಾಗ ಹೊತ್ತು ಮಾತ್ರ ಒಡ್ಡಿದಂಗೆ. ನಾಲ್ಕು ಪಟ್ಟು ಲೈಟ್ ತರಬೇಕು, ಇಲ್ಲಾಂದ್ರೆ ಐಎಸ್‌ಒ ಏರಿಸಿ ಕಾಳು ಕಾಳು ವಿಡಿಯೋ ಒಪ್ಕೋಬೇಕು.

ಫೋನು, ಟ್ಯಾಬ್ಲೆಟ್ ಇಟ್ಕೊಂಡು ಬೂತ್ ಮಾಡೋವರಿಗೆ ಇಷ್ಟು ಬಟನ್ ಇಲ್ಲ. ಬಹಳಷ್ಟು ಫೋನಲ್ಲಿ ಸ್ಕ್ರೀನ್ ಮೇಲೆ ಬೆರಳು ಒತ್ತಿ ಹಿಡಿದ್ರೆ ಎಕ್ಸ್‌ಪೋಶರ್ ಲಾಕ್ ಆಗುತ್ತೆ, ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನ ಮೇಲೆ ಕೆಳಗೆ ಎಳೀಬಹುದು. ಬೆರಳು ಒತ್ತೋದು ಬಿಳಿ ಪರದೆ ಮೇಲಲ್ಲ, ಟೇಪ್ ಹಾಕಿದ ಜಾಗದಲ್ಲಿ ಒಬ್ಬರನ್ನ ನಿಲ್ಲಿಸಿ ಅವರ ಮುಖದ ಮೇಲೆ. ಆಮೇಲೆ ಯಾರಾದ್ರೂ ಲೈಟ್ ಸ್ಟ್ಯಾಂಡ್ ಸರಿಸಿದ್ರೆ ಲಾಕ್ ಬಿಡಿಸಿ ಇನ್ನೊಂದು ಸಲ ಒತ್ತಿ.