ಹತ್ತು ನಿಮಿಷದ ಸೂಪು, ಎಷ್ಟೋ ತಿಂಗಳ ಅಡುಗೆ

ಜಪಾನಿನ ಹೋಟೆಲುಗಳಲ್ಲಿ ಕೆಲವು ಸಲ ಸೂಪನ್ನು ಮುಚ್ಚಳವಿರುವ ಮರದ ಬಟ್ಟಲಲ್ಲಿ ತಂದಿಡುತ್ತಾರೆ. ಮುಚ್ಚಳ ಎತ್ತಲು ಹೋದರೆ ಬಟ್ಟಲೂ ಜೊತೆಗೇ ಮೇಲೆ ಬರುತ್ತದೆ. ಅಂಟು ಏನೂ ಹಾಕಿಲ್ಲ. ಬಿಸಿ ಸೂಪು ಸುರಿದು ಮುಚ್ಚಿದಾಗ ಒಳಗಿನ ಜಾಗದಲ್ಲಿ ಹಬೆ ತುಂಬಿಕೊಂಡಿತ್ತು. ಸ್ವಲ್ಪ ಆರಿದ ಮೇಲೆ ಆ ಹಬೆ ನೀರಹನಿಯಾಯಿತು, ಒಳಗಿನ ಒತ್ತಡ ಇಳಿಯಿತು. ಈಗ ಹೊರಗಿನ ಗಾಳಿ ಮುಚ್ಚಳವನ್ನು ಅದುಮಿ ಹಿಡಿದಿದೆ. ಗೊತ್ತಿರುವವರು ಜಗ್ಗಾಡುವುದಿಲ್ಲ. ಬಟ್ಟಲಿನ ಎರಡೂ ಬದಿಯನ್ನು ಮೆಲ್ಲಗೆ ಹಿಚುಕುತ್ತಾರೆ. ಮರ ಚೂರೇ ಚೂರು ಬಾಗಿ ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಮುಚ್ಚಳ ಸಲೀಸಾಗಿ ಕೈಗೆ ಬರುತ್ತದೆ.

ಒಳಗೆ ಮಿಸೊ ಸೂಪು, ಅಂದರೆ ಹುದುಗಿಸಿದ ಸೋಯಾ ಅವರೆಯ ಮುದ್ದೆ ಕದಡಿದ ಸೂಪು. ಜಪಾನ್ ಅಂದರೆ ನಮಗೆ ಸುಶಿ ನೆನಪಾಗುತ್ತದೆ, ಆದರೆ ಅದು ಅಲ್ಲಿನವರು ದಿನಾ ತಿನ್ನುವ ಊಟ ಅಲ್ಲ. ಅನ್ನ, ಮಿಸೊ ಸೂಪು, ಉಪ್ಪು ಹಾಕಿದ ತರಕಾರಿ, ಜೊತೆಗೆ ನಂಜಿಕೊಳ್ಳಲು ಒಂದೆರಡು ಬಗೆ. ಮನೆಯೂಟ ಅಂದರೆ ಇದು. ಸೂಪು ಮಾಡಲು ಹತ್ತು ನಿಮಿಷ ಸಾಕು. ಒಗ್ಗರಣೆ ಇಲ್ಲ, ಮಸಾಲೆ ಹುರಿಯುವುದಿಲ್ಲ. ಆದರೂ ಬಾಯಿ ತುಂಬ ರುಚಿ. ಅದಕ್ಕೆ ಕಾರಣ ಇಷ್ಟೇ: ಅಡುಗೆಯ ಮುಕ್ಕಾಲು ಪಾಲು ಒಲೆ ಹಚ್ಚುವ ಎಷ್ಟೋ ತಿಂಗಳ ಮೊದಲೇ ಮುಗಿದಿರುತ್ತದೆ.

ಸೂಪಿನ ಬುಡ ‘ದಾಶಿ’ ಎಂಬ ತಿಳಿಯಾದ ಕಟ್ಟು. ಅದಕ್ಕೆ ಮೊದಲು ಬೇಕಾದದ್ದು ‘ಕೊಂಬು’. ಹೆಚ್ಚಾಗಿ ಜಪಾನಿನ ಉತ್ತರದ ದ್ವೀಪ ಹೊಕ್ಕೈಡೊದ ಕಡಲಿನಲ್ಲಿ ಬೆಳೆಯುವ ಕಡಲಕಳೆ ಅದು. ಒಣಗಿಸಿದ ಪಟ್ಟಿ ನೋಡಲು ಹಳೇ ಚರ್ಮದ ಬೆಲ್ಟಿನ ಹಾಗಿರುತ್ತದೆ. ಮೇಲೆ ಬಿಳಿ ಪುಡಿ. ಬೂಷ್ಟು ಅಂದುಕೊಂಡು ತೊಳೆದುಬಿಡಬೇಡಿ. ಅದು ಬಹುಪಾಲು ಮ್ಯಾನಿಟಾಲ್ ಎಂಬ ಸಕ್ಕರೆ ಜಾತಿಯ ವಸ್ತು. ಒಣ ಬಟ್ಟೆಯಲ್ಲಿ ಸುಮ್ನೆ ಒರೆಸಿದರೆ ಸಾಕು. ನೀರಲ್ಲಿ ನೆನೆಸಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಕುದಿ ಬರುವ ಮೊದಲೇ ಪಟ್ಟಿಯನ್ನು ತೆಗೆಯುತ್ತಾರೆ. ಕುದಿಸಿದರೆ ಲೋಳೆ ಬಿಡುತ್ತದೆ.

ಈ ಕಟ್ಟಿನ ರುಚಿ ಸಿಹಿಯಲ್ಲ, ಹುಳಿಯಲ್ಲ, ಉಪ್ಪಲ್ಲ, ಕಹಿಯೂ ಅಲ್ಲ. ಹಾಗಾದರೆ ಏನು? ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಕಿಕುನಾಎ ಇಕೆಡಾ ಈ ಪ್ರಶ್ನೆಯ ಬೆನ್ನು ಹತ್ತಿದರು. ಸುಮಾರು 12 ಕಿಲೋ ಒಣ ಕೊಂಬು ತೆಗೆದುಕೊಂಡು ಸೋಸಿ, ಬತ್ತಿಸಿ, ಹರಳುಗಟ್ಟಿಸಿದರು. ಕೊನೆಗೆ ಕೈಗೆ ಸಿಕ್ಕಿದ್ದು ಸುಮಾರು 30 ಗ್ರಾಂ ಗ್ಲುಟಾಮಿಕ್ ಆಮ್ಲ. ಅದು 1908. ಆ ರುಚಿಗೆ ಅವರು ‘ಉಮಾಮಿ’ ಎಂದು ಹೆಸರಿಟ್ಟರು. ಮರುವರ್ಷ ಅದರ ಸೋಡಿಯಂ ಲವಣ ಅಜಿನೊಮೊಟೊ ಎಂಬ ಹೆಸರಲ್ಲಿ ಅಂಗಡಿಗೆ ಬಂತು. ಗೋಬಿ ಮಂಚೂರಿ ಗಾಡಿಯ ಹತ್ತಿರ ನಾವೆಲ್ಲ ಹೆಸರು ಕೇಳಿದ್ದೇವಲ್ಲ, ಅದೇ ಪುಡಿ. ಹಣ್ಣಾದ ಟೊಮೆಟೊದಲ್ಲೂ ತಾಯಿಯ ಹಾಲಿನಲ್ಲೂ ಇದೇ ಆಮ್ಲದ ಇನ್ನೊಂದು ರೂಪವಾದ ಗ್ಲುಟಾಮೇಟ್ ಇದೆ.

ದಾಶಿಗೆ ಬೇಕಾದ ಎರಡನೆಯ ವಸ್ತು ‘ಕತ್ಸುಒಬುಶಿ’. ಟ್ಯೂನಾ ಜಾತಿಯ ಮೀನನ್ನು ಬೇಯಿಸಿ, ದಿನಗಟ್ಟಲೆ ಹೊಗೆಯಲ್ಲಿಟ್ಟು ಒಣಗಿಸುತ್ತಾರೆ. ಒಳ್ಳೆಯ ದರ್ಜೆಯದಕ್ಕೆ ಬೂಷ್ಟು ಹಿಡಿಸಿ ಬಿಸಿಲಿಗಿಡುವ ಕೆಲಸ ಮತ್ತೆ ಮತ್ತೆ ನಡೆಯುತ್ತದೆ, ತಿಂಗಳುಗಟ್ಟಲೆ. ಎರಡು ತುಂಡು ಒಂದಕ್ಕೊಂದು ತಟ್ಟಿದರೆ ಮರದ ಸದ್ದು ಬರುತ್ತದೆ. ಬಡಗಿಯ ಕೀಸುಳಿಯಂಥ ಅಲಗಿನಲ್ಲಿ ಹೆರೆದೇ ಬಳಸಬೇಕು. ಮೀನು ಸತ್ತ ಮೇಲೆ ಅದರ ಮಾಂಸಖಂಡದ ಇಂಧನವಾದ ಎಟಿಪಿ ಹಂತಹಂತವಾಗಿ ಒಡೆದು ಇನೋಸಿನೇಟ್ ಆಗುತ್ತದೆ. ಅದರ ರುಚಿಯನ್ನು 1913ರಲ್ಲಿ ಗುರುತಿಸಿದವರು ಇಕೆಡಾ ಅವರ ಶಿಷ್ಯ ಶಿಂತಾರೊ ಕೊಡಾಮಾ.

ನನಗೆ ತುಂಬ ಇಷ್ಟವಾದ ಭಾಗ ಇನ್ನು ಮುಂದಿನದು. ಗ್ಲುಟಾಮೇಟ್ ಮತ್ತು ಇನೋಸಿನೇಟ್ ಸಮಸಮವಾಗಿ ಬೆರೆತರೆ ರುಚಿ ಎರಡು ಪಟ್ಟಲ್ಲ, ಏಳೆಂಟು ಪಟ್ಟು ಜಾಸ್ತಿ ಅನ್ನಿಸುತ್ತದೆ. ನಾಲಿಗೆಯ ಮೇಲೆ ಉಮಾಮಿ ಹಿಡಿಯುವ ಪ್ರೋಟೀನು ಬಾಯ್ತೆರೆದ ಕಪ್ಪೆಚಿಪ್ಪಿನ ಹಾಗಿದೆ. ಗ್ಲುಟಾಮೇಟ್ ಒಳಕ್ಕೆ ಹೋಗಿ ಬುಡದ ಕೀಲಿನ ಹತ್ತಿರ ಕೂರುತ್ತದೆ, ಚಿಪ್ಪು ಮುಚ್ಚಿಕೊಳ್ಳುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಆದರೆ ಚಿಪ್ಪು ಬೇಗ ತೆರೆದುಬಿಡುತ್ತದೆ. ಇನೋಸಿನೇಟ್ ಇದ್ದರೆ ಅದು ಬಾಯಂಚಿನಲ್ಲಿ ಕೂತು ಚಿಪ್ಪನ್ನು ಮುಚ್ಚಿಯೇ ಹಿಡಿಯುತ್ತದೆ. ಸುದ್ದಿ ಹೋಗುತ್ತಲೇ ಇರುತ್ತದೆ. ಈ ಪ್ರೋಟೀನು ಯಾವುದೆಂದು ಗೊತ್ತಾದದ್ದು 2002ರ ಹೊತ್ತಿಗೆ. ಅಡುಗೆಮನೆಯವರು ಆ ಜೋಡಿಯನ್ನು ಅದಕ್ಕೂ ಎಷ್ಟೋ ಹಿಂದೆಯೇ ಕಂಡುಕೊಂಡಿದ್ದರು.

ಹಾಗಾಗಿ ಜಪಾನಿಗೆ ಹೋಗುವ ಸಸ್ಯಾಹಾರಿಗಳು ಗಮನಿಸಬೇಕು. ಮೇಲೆ ಬರೀ ತೋಫು ತೇಲುತ್ತಿದ್ದರೂ ತಳದ ಕಟ್ಟಿನಲ್ಲಿ ಮೀನಿರಬಹುದು. ಬೌದ್ಧ ಮಠಗಳ ಅಡುಗೆಯಲ್ಲಿ ಮೀನಿನ ಬದಲು ಒಣಗಿಸಿದ ಶಿಟಾಕೆ ಅಣಬೆ ಹಾಕುತ್ತಾರೆ. ಅದರಲ್ಲಿರುವ ಗ್ವಾನಿಲೇಟ್ ಕೂಡ ಚಿಪ್ಪನ್ನು ಹಾಗೇ ಅದುಮಿ ಹಿಡಿಯುತ್ತದೆ.

ಇನ್ನು ಮಿಸೊ. ಬೇಯಿಸಿದ ಅಕ್ಕಿಗೋ ಬಾರ್ಲಿಗೋ ‘ಕೋಜಿ’ ಎಂಬ ಬೂಷ್ಟು ಬೆಳೆಸಿ, ಬೆಂದ ಸೋಯಾ ಅವರೆ ಮತ್ತು ಉಪ್ಪಿನ ಜೊತೆ ಕಲಸಿ ಇಡುತ್ತಾರೆ. ಪ್ರೋಟೀನಿನ ಉದ್ದ ಸರಪಳಿಗೆ ಉಮಾಮಿ ರುಚಿ ಇಲ್ಲ. ಕೋಜಿಯ ಕಿಣ್ವಗಳು ಅದನ್ನು ಕತ್ತರಿಸುತ್ತಾ ಹೋದ ಹಾಗೆ ಗ್ಲುಟಾಮೇಟ್ ಬಿಡುಗಡೆಯಾಗುತ್ತದೆ. ಗಂಜಿ ಒಡೆದು ಸಿಹಿ ಬರುತ್ತದೆ. ತಿಂಗಳು ಕಳೆದಂತೆ ಬಣ್ಣ ಕಪ್ಪಾಗುತ್ತದೆ. ಒಕಾಜಾಕಿ ಊರಿನ ಹಾಚೊ ಮಿಸೊ ಎರಡು ವರ್ಷಕ್ಕೂ ಜಾಸ್ತಿ ಕೊಳಗದಲ್ಲಿ ಕೂರುತ್ತದೆ, ಮೇಲೆ ಕಲ್ಲುಗಳ ರಾಶಿ ಹೊತ್ತುಕೊಂಡು. ನಮ್ಮ ಶೇಂಗಾಕ್ಕೆ ಹಿಡಿದು ಅಫ್ಲಾಟಾಕ್ಸಿನ್ ವಿಷ ಬಿಡುವ ಬೂಷ್ಟು ಇದೆಯಲ್ಲ, ಕೋಜಿ ಅದರ ಹತ್ತಿರದ ನೆಂಟ. ಆದರೆ ಇದು ಆ ವಿಷ ಮಾಡುವುದಿಲ್ಲ. 2006ರಲ್ಲಿ ಜಪಾನಿನ ಬ್ರೂಯಿಂಗ್ ಸೊಸೈಟಿ ಇದನ್ನು ರಾಷ್ಟ್ರೀಯ ಬೂಷ್ಟು ಎಂದು ಸಾರಿತು.

ಮಿಸೊವನ್ನು ಕೊನೆಗೆ, ಉರಿ ಆರಿಸಿ ಕದಡುತ್ತಾರೆ. ಕುದಿಸಿದರೆ ಘಮ ಹಾರಿಹೋಗುತ್ತದೆ. ಬಟ್ಟಲಿಗೆ ಹಾಕಿ ಒಂದು ನಿಮಿಷ ಅಲುಗಿಸದೆ ನೋಡಿ. ಮೋಡದಂಥ ಗುಪ್ಪೆಗಳು ಏಳುತ್ತವೆ, ನಡುವೆ ತಿಳಿ ಗೆರೆಗಳು ಮೂಡುತ್ತವೆ. ಮೇಲ್ಮೈ ಆರಿ ಭಾರವಾಗಿ ಕೆಳಗಿಳಿಯುತ್ತದೆ, ತಳದ ಬಿಸಿ ಸೂಪು ಮೇಲೇರುತ್ತದೆ. ನೀರು ಬಿಸಿಯಾದಾಗಲೂ ಹೀಗೆಯೇ ಸುತ್ತುತ್ತದೆ, ಆದರೆ ಕಣ್ಣಿಗೆ ಕಾಣದು. ಇಲ್ಲಿ ಕಾಣುವುದು ಕೋಜಿ ಪೂರ್ತಿ ಅರಗಿಸದೆ ಬಿಟ್ಟ ಅವರೆಯ ನುಣ್ಣನೆ ಚೂರುಗಳಿಂದ. ಸೂಪು ಆರುತ್ತಾ ಬಂದಂತೆ ಅವು ತಳ ಸೇರುತ್ತವೆ. ಆಗ ಚಾಪ್‌ಸ್ಟಿಕ್ಕಿನಿಂದ ಒಮ್ಮೆ ಕದಡಿ, ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕುಡಿಯಬೇಕು.